ನೆಲಕ್ಕಿಳಿಸಿದ ಬುಟ್ಟಿ

ತಂಗೋಲ್
4 ಏಪ್ರಿಲ್ 2004

ಅಣ್ಣ ರೋಜಿ ಅಲಿಗೆ ಹಕೀಮಾಳ ಸಲಾಂ.

ಒಂಬತ್ತು ವರ್ಷವಾದ ಮೇಲೆ ಬರೆಯುತ್ತಿದ್ದೇನೆ. ಅಕ್ಷರ ಗೊತ್ತಾಗಲಿಲ್ಲ ಎಂದು ನೀನು ತಪ್ಪಿಸಿಕೊಳ್ಳುವ ಹಾಗಿಲ್ಲ, ಹಲಗೆಯ ಮೇಲೆ ನನ್ನ ಕೈ ಹಿಡಿದು ತಿದ್ದಿಸಿದವನು ನೀನೇ. ತಲುಪಲಿಲ್ಲ ಎನ್ನುವ ಹಾಗೂ ಇಲ್ಲ. ನಿನ್ನ ಕೈಗೇ ಕೊಟ್ಟು, ನೀನು ಒಡೆಯುವುದನ್ನು ನೋಡಿಯೇ ಹೊರಡಬೇಕು ಎಂದು ಜೀಪಿನ ಫಿದಾನಿಗೆ ತಾಕೀತು ಮಾಡಿದ್ದೇನೆ. ಈಗ ಅವನು ನಿನ್ನ ಎದುರಿಗೇ ನಿಂತಿರಬೇಕು. ಅವನಿಗೆ ಚಹಾ ಕೊಡು.

ಇಲ್ಲಿ ಜರ್ದಾಳು ಹೂ ಬಿಟ್ಟು ಹತ್ತು ದಿನವಾಯಿತು. ಈ ಹೊತ್ತಿಗೆ ಮೇಲಿನ ಕಾಲುವೆಯಲ್ಲಿ ಮೊಣಕಾಲು ಮುಳುಗುವಷ್ಟು ನೀರಿರಬೇಕಿತ್ತು. ನಿನ್ನೆ ಬೆರಳಿಟ್ಟು ನೋಡಿದೆ, ಎರಡು ಗೆಣ್ಣು. ಜನವರಿಯಲ್ಲಿ ಬೀಳಬೇಕಾದ ಹಿಮ ಈಗ ಮಾರ್ಚಿನಲ್ಲಿ ಬೀಳುತ್ತದೆ, ನಾಲ್ಕೇ ದಿನಕ್ಕೆ ಕರಗಿ, ನಾವು ಇನ್ನೂ ಹೊಲ ಹದ ಮಾಡುತ್ತಿರುವಾಗಲೇ ಹೊಳೆ ಸೇರಿಬಿಡುತ್ತದೆ. ಬೆಟ್ಟದಲ್ಲಿ ಉಳಿದಿರುವುದು ನಮ್ಮ ಗಂಡು ಹಿಮ ಒಂದೇ. ಅದು ಕಲ್ಲುಮಣ್ಣು ಹೊದ್ದು ಕಪ್ಪಗೆ ಬಿದ್ದುಕೊಂಡಿದೆ, ನೀರು ಬಿಡುವ ಜಾತಿಯಲ್ಲ. ಕಳೆದ ವರ್ಷ ಐದು ಮನೆಯವರು ಬೀಗ ಹಾಕಿ ಕೆಳಗಿಳಿದರು. ಬಾರ್ಲಿ ಕೊಯ್ದ ಮೇಲೆ ಎರಡನೇ ಬೆಳೆ ತೆಗೆಯುವುದು ಎನ್ನುವ ಮಾತನ್ನೇ ನಾವು ಮರೆತಿದ್ದೇವೆ.

ಮೊನ್ನೆ ಮಸೀದಿಯ ಅಂಗಳದಲ್ಲಿ ಊರ ಸಭೆ ಸೇರಿತು. ಹೆದ್ದಾರಿಯ ಪಕ್ಕ ಮರಳು ನೆಲವಿದೆಯಂತೆ, ಎಲ್ಲರೂ ಅಲ್ಲಿಗೆ ಹೋಗುವುದು ಎಂದು ಹಾಜಿ ಮುಹ್ಸಿನ್ ಹೇಳಿದ. ಹೆಂಗಸರ ಸಾಲಿನಿಂದ ನಾನು ಎದ್ದು ನಿಂತೆ. "ನೀರು ಬಿಡೋ ಹೆಣ್ಣು ಹಿಮ ತರೋಣ. ಗಂಡು ಇಲ್ಲೇ ಇದೆ. ಎರಡನ್ನೂ ಮದುವೆ ಮಾಡಿ ಬೆಟ್ಟದ ನೆರಳಲ್ಲಿ ಬಿತ್ತೋಣ, ಹನ್ನೆರಡು ವರ್ಷಕ್ಕೆ ಹೊಸ ಹಿಮನದಿ ಬೆಳೆಯುತ್ತೆ" ಎಂದೆ.

ಹಾಜಿ ನಕ್ಕ. "ಒಂದ್ಸಲ ನಿನ್ನ ಗಂಡ ತಂದಿದ್ದನ್ನ ನೋಡಿದೀವಲ್ಲಮ್ಮ. ದಾರೀಲೇ ಇಳಿಸಿ ಕೂತ್ಕೊಂಡ ಮಹಾನುಭಾವ."

"ಈ ಸಲ ನಾನು ತರ್ತೀನಿ. ನೀವು ನಗೋದನ್ನ ಹನ್ನೆರಡು ವರ್ಷ ಮುಂದಕ್ಕೆ ಹಾಕಿ."

ಕೊನೆಗೆ ಒಪ್ಪಂದವಾಯಿತು. ಈ ಶರತ್ಕಾಲದಲ್ಲಿ ಹಿಮ ಬಿತ್ತಿದರೆ ಊರು ಉಳಿಯುತ್ತದೆ, ಅರ್ಧ ಹೊಲ ಬೀಳು ಬಿಟ್ಟು ಇದ್ದ ನೀರಿನಲ್ಲಿ ಕಾಯುತ್ತೇವೆ. ಬಿತ್ತದಿದ್ದರೆ ವಸಂತದ ನವ್ರೋಜ್ ಹಬ್ಬ ಮುಗಿಸಿ ಎಲ್ಲರೂ ಇಳಿಯುತ್ತೇವೆ. ಕಾಯುವುದು ನಮಗೆ ಹೊಸದಲ್ಲ, ಕಾಯಲು ಏನಾದರೂ ಇರಬೇಕು.

ನೀನು ಬ್ರಕ್ಚನ್ನಿನ ಹಿಮ ಕಾಯುವವನು. ನಿನ್ನ ಮಾತಿಲ್ಲದೆ ಅಲ್ಲಿ ಯಾರೂ ಕೊಡಲಿ ಎತ್ತುವುದಿಲ್ಲ. ತವರಿನ ಹೊಸ್ತಿಲು ತುಳಿಯುವುದಿಲ್ಲ ಎಂದು ನಾನು ಮಾಡಿದ ಆಣೆ ಹಾಗೇ ಇದೆ, ಅದಕ್ಕೇ ಕಾಗದದಲ್ಲಿ ಕೇಳುತ್ತಿದ್ದೇನೆ. ನಿಮ್ಮ ಹೆಣ್ಣು ಹಿಮದಲ್ಲಿ ಒಂದು ಬುಟ್ಟಿ ನಮಗೆ ಕೊಡು. ಹಿಂದೆ ನನ್ನನ್ನು ಈ ಊರಿಗೆ ಕೊಟ್ಟಿದ್ದೀರಿ, ಇದೂ ಹಾಗೇ ಎಂದುಕೋ.

ಹಕೀಮಾ

*

ಬ್ರಕ್ಚನ್
11 ಮೇ 2004

ತಂಗಿ ಹಕೀಮಾಳಿಗೆ ರೋಜಿ ಅಲಿಯ ಸಲಾಂ.

ಕಾಗದ ತಲುಪಿತು. ಫಿದಾ ಮೂರು ಬಟ್ಟಲು ಉಪ್ಪು ಚಹಾ ಕುಡಿದು, ನಾನು ಒಡೆದು ಓದುವವರೆಗೂ ಕದಲಲಿಲ್ಲ. ನಿನ್ನ ಅಕ್ಷರ ಮೊದಲಿನಂತೆಯೇ ಬಲಕ್ಕೆ ವಾಲುತ್ತದೆ. ನಿನ್ನ ಮಗಳು ಶಿರೀನ್ ದೊಡ್ಡವಳಾಗಿರಬೇಕು. ಅವಳಿಗೆ ಮಾವನ ಸಲಾಂ ಹೇಳು.

ನಾವೆಲ್ಲ ಚೆನ್ನಾಗಿದ್ದೇವೆ. ಇಲ್ಲಿ ನೀರಿಗೇನೂ ಕೊರತೆಯಿಲ್ಲ. ಹೊಳೆ ಹೋದ ವರ್ಷಕ್ಕಿಂತ ಜೋರಾಗಿಯೇ ಇದೆ.

ಕೇಳಿದ ವಿಷಯ. ಊರಿನ ಹಿರಿಯರನ್ನು ವಿಚಾರಿಸಿದೆ. ಒಮ್ಮೆ ಕೊಟ್ಟ ಹೆಣ್ಣು ನಿಲ್ಲದ ಮನೆಗೆ ಮತ್ತೆ ಹೆಣ್ಣು ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಎಂಬತ್ತೊಂಬತ್ತರಲ್ಲಿ ಆದದ್ದು ಎಲ್ಲರಿಗೂ ನೆನಪಿದೆ. ಮತ್ತೆ ಆ ಮಾತು ಎತ್ತುವುದು ಬೇಡ ಎಂದು ನನಗೂ ಅನ್ನಿಸುತ್ತದೆ. ಬೇರೆ ಕಣಿವೆಗಳಲ್ಲಿ ಕೇಳಿನೋಡು, ಒಳ್ಳೆಯ ಹಿಮ ಇರುವ ಊರುಗಳು ಇನ್ನೂ ಇವೆ.

ಒಂದು ಚೀಲ ಅಕ್ರೋಟು ಕಳಿಸಿದ್ದೇನೆ, ಅಮ್ಮ ನೆಟ್ಟ ಮರದ್ದು.

ರೋಜಿ ಅಲಿ

*

ತಂಗೋಲ್
3 ಜೂನ್ 2004

ಅಣ್ಣನಿಗೆ ಸಲಾಂ.

ಅಕ್ರೋಟು ತಿಂದೆವು. ಸಿಟ್ಟಿಗೆ ವಾಪಸು ಕಳಿಸಲು ನಾನೇನು ಹುಚ್ಚಿಯಲ್ಲ, ಅದು ಅಮ್ಮನ ಮರದ್ದು.

ಆದರೆ ನಿನ್ನ ಕಾಗದ ಓದಿ ಮೈ ಉರಿಯಿತು. ಪದ್ಧತಿಯಂತೆ! ಹಿರಿಯರಂತೆ! ಹದಿನೈದು ವರ್ಷದಿಂದ ನನ್ನ ಗಂಡನ ಮೇಲೆ ಹಗೆ ಇಟ್ಟುಕೊಂಡಿದ್ದೀಯ, ಅವನು ಸತ್ತು ಮೂರು ವರ್ಷವಾದರೂ ಬಿಟ್ಟಿಲ್ಲ ಎಂದು ನೇರವಾಗಿ ಬರೆಯಬಾರದಿತ್ತೇ?

ತಾಖಿ ಮಾಡಿದ್ದು ತಪ್ಪು, ನಾನು ಇಲ್ಲವೆನ್ನುವುದಿಲ್ಲ. ಹಿಮ ಕಡಿದ ಗಳಿಗೆಯಿಂದ ಬಿತ್ತುವವರೆಗೆ ಬುಟ್ಟಿ ನೆಲಕ್ಕೆ ತಾಗಬಾರದು, ಹೊರುವವರ ಬಾಯಿಂದ ಒಂದು ಮಾತು ಬರಬಾರದು. ಇದು ನಮ್ಮ ಮಕ್ಕಳಿಗೂ ಗೊತ್ತು. ಅವನು ಇಳಿಸಿದ. ಬೆನ್ನು ಸೋತಿತು ಎಂದ. ಆರು ವರ್ಷದ ಮೇಲೆ ಹೋಗಿ ಕಲ್ಲು ಸರಿಸಿ ನೋಡಿದರೆ ಹಿಮಕ್ಕೆ ಹೊದಿಸಿದ್ದ ಒದ್ದೆ ಹೊಟ್ಟು, ಇದ್ದಿಲು. ಹಿಮದ ಸುಳಿವೇ ಇಲ್ಲ. ಆಮೇಲೆ ನಾನು ತವರಿಗೆ ಬಂದಾಗ ನಿಮ್ಮೂರಿನ ಗಂಡಸರು ನನ್ನ ಎದುರಿಗೇ ಏನೆಂದರು ನೆನಪಿದೆಯೇ? "ಬೆನ್ನಿಲ್ಲದವನ ಹೆಂಡ್ತಿ ಬಂದ್ಳು." ನೀನು ಅಲ್ಲೇ ಕೂತಿದ್ದೆ. ಚಹಾದ ಬಟ್ಟಲಿನಲ್ಲಿ ಬೆಣ್ಣೆ ಕರಗುವುದನ್ನು ನೋಡುತ್ತಾ ಕೂತಿದ್ದೆ. ಆ ದಿನವೇ ನಾನು ಆಣೆ ಮಾಡಿದ್ದು.

ಇನ್ನೊಂದು ಹೇಳುತ್ತೇನೆ, ಕೇಳು. ಆಮೇಲೆ ಅವನು ಈ ಊರಿನ ಯಾವ ಕಾಲುವೆ ಕೆಲಸವನ್ನೂ ತಪ್ಪಿಸಲಿಲ್ಲ. ಎಲ್ಲರಿಗಿಂತ ಮೊದಲು ಹೋಗಿ ಎಲ್ಲರಿಗಿಂತ ದೊಡ್ಡ ಕಲ್ಲು ಹೊರುತ್ತಿದ್ದ. ಆದರೂ ಎಲ್ಲಾದರೂ ನಾಲ್ಕು ಜನ ಸೇರಿದ್ದರೆ ಅವನು ಬಂದ ಕೂಡಲೇ ಮಾತು ನಿಲ್ಲುತ್ತಿತ್ತು. ನೀರು ಕಡಿಮೆಯಾದ ವರ್ಷವೆಲ್ಲ ಅವನದೇ ತಪ್ಪು. ಸಾಯುವ ವಾರ ನಾನು ಕೇಳಿದೆ, "ಅವತ್ತು ಅಷ್ಟೊಂದು ನೋವಾಗಿತ್ತಾ?" ಅವನು ನಕ್ಕು, "ಹಳೇ ಮಾತು ಬಿಡು, ಕಾಲುವೆ ಬಾಯಿ ಕಟ್ಕೊಂಡಿದೆ, ನೋಡಿದ್ಯಾ?" ಎಂದ. ನೀನು ಮಣ್ಣಿಗೂ ಬರಲಿಲ್ಲ. ನಡುವಿನ ಘಾಟಿಯಲ್ಲಿ ಹಿಮ ಬಿದ್ದಿದೆ ಎಂದು ಹೇಳಿ ಕಳಿಸಿದೆ. ಆ ವಾರ ಘಾಟಿ ತೆರೆದೇ ಇತ್ತು, ನಾಲ್ಕು ಜನ ಕುರಿ ಹೊಡೆದುಕೊಂಡು ಬಂದಿದ್ದರು.

ಈಗ ನನ್ನ ತೀರ್ಮಾನ ಕೇಳಿಕೋ. ಅಕ್ಟೋಬರಿನಲ್ಲಿ ಸೆರ್ಪೋ ಘಾಟಿ ಹತ್ತಿ ನಾನೇ ಬರುತ್ತೇನೆ. ನಿನ್ನ ಮನೆಯ ಹೊಸ್ತಿಲು ತುಳಿಯುವುದಿಲ್ಲ. ಹಿಮಕ್ಕೆ ಹೊಸ್ತಿಲಿಲ್ಲ. ಯಾರು ತಡೆಯುತ್ತೀರೋ ತಡೆಯಿರಿ.

ಹಕೀಮಾ

*

ಬ್ರಕ್ಚನ್
20 ಆಗಸ್ಟ್ 2004

ತಂಗಿಗೆ ಸಲಾಂ.

ಬರೆಯಲು ತಡವಾಯಿತು. ಜುಲೈ ಕೊನೆಯಲ್ಲಿ ಹೊಳೆ ಉಕ್ಕಿ ಸೇತುವೆ ಕೊಚ್ಚಿಕೊಂಡು ಹೋಯಿತು. ಫಿದಾನ ಜೀಪು ಆ ದಡದಲ್ಲಿ, ನಾವು ಈ ದಡದಲ್ಲಿ. ಕೆಳಗಿನ ಹನ್ನೊಂದು ಹೊಲಗಳ ಮೇಲೆ ಈಗ ಆಳೆತ್ತರ ಕಲ್ಲು ಕೂತಿದೆ. ಜನಕ್ಕೆ ಏನೂ ಆಗಲಿಲ್ಲ, ದೇವರು ದೊಡ್ಡವನು.

ಮೇ ತಿಂಗಳಲ್ಲಿ ನಾವು ಚೆನ್ನಾಗಿದ್ದೇವೆ, ನೀರು ಜೋರಾಗಿದೆ ಎಂದು ಬರೆದಿದ್ದೆ. ಅದು ಜಂಬದ ಮಾತು. ಹೊಳೆ ತುಂಬಿ ಹರಿಯುವುದು ನಮ್ಮ ಹಿಮನದಿ ಕರಗುತ್ತಿರುವುದರಿಂದ. ಅಮ್ಮ ನಮ್ಮನ್ನು ಕೂರಿಸಿ ರೊಟ್ಟಿ ಕೊಡುತ್ತಿದ್ದ ಚಪ್ಪಟೆ ಬಂಡೆ ನೆನಪಿದೆಯಲ್ಲ? ಕಾಲು ಚಾಚಿದರೆ ಹಿಮ ತಾಗುತ್ತಿತ್ತು, ನೀನು ನೆಕ್ಕಿ ಬೈಸಿಕೊಳ್ಳುತ್ತಿದ್ದೆ. ಈಗ ಆ ಬಂಡೆಯಿಂದ ಹಿಮದ ಅಂಚಿಗೆ ಮುಕ್ಕಾಲು ಗಂಟೆ ನಡೆಯಬೇಕು. ಹಿಮ ಕಾಯುವವನು ಇದನ್ನು ಇನ್ನೊಂದು ಊರಿಗೆ ಬರೆಯುವುದು ಹೇಗೆ? ಮನೆಯ ಹೆಣ್ಣುಮಗಳಿಗೆ ಕ್ಷಯ ಎಂದು ಡಂಗುರ ಹೊಡೆದ ಹಾಗಾಗುತ್ತದೆ.

ಕಾಲೇಜಿನಿಂದ ಒಬ್ಬಳು ಹುಡುಗಿ ಬಂದಿದ್ದಾಳೆ, ಮರ್ಜಿಯಾ ಎಂದು ಹೆಸರು. ಹಿಮದಲ್ಲಿ ಕೋಲು ನೆಟ್ಟು ಅಳೆಯುತ್ತಾಳೆ. ಮೊದಲ ದಿನ ಓಡಿಸಲು ಹೋದೆ. ಅವಳು ಅಲ್ಲಾಡಲಿಲ್ಲ.

"ಅಪೋ, ನಿಮ್ಮೂರಲ್ಲಿ ಗಾಡಿ ಎಷ್ಟಿದೆ?" ಎಂದು ಕೇಳಿದಳು. ನನ್ನನ್ನು ಅಜ್ಜ ಮಾಡಿಬಿಟ್ಟಳು.

"ಒಂದು ಜೀಪು ಬರುತ್ತೆ. ಅದೂ ತಳ್ಳಿದ್ರೆ ಮಾತ್ರ."

"ಕಾರ್ಖಾನೆ?"

"ಅಕ್ರೋಟು ಎಣ್ಣೆ ಹಿಂಡೋ ಗಾಣ ಇದೆ. ಕೋಣನಂಥ ನನ್ನ ಭಾಮೈದ ತಿರುಗಿಸ್ತಾನೆ."

ನಕ್ಕಳು. ಆಮೇಲೆ ಹೇಳಿದಳು: ದೂರದ ದೊಡ್ಡ ದೊಡ್ಡ ದೇಶಗಳಲ್ಲಿ ನೂರಾರು ವರ್ಷದಿಂದ ಕಲ್ಲಿದ್ದಲು, ಎಣ್ಣೆ ಉರಿಸುತ್ತಿದ್ದಾರೆ. ಆ ಹೊಗೆ ಮೇಲೆ ಹೋಗಿ ಭೂಮಿಗೆ ರಜಾಯಿ ಹೊದಿಸಿದ ಹಾಗೆ ಕೂತಿದೆ, ಸೆಕೆ ಹೊರಗೆ ಹೋಗುತ್ತಿಲ್ಲ. ಬಯಲಿನ ಇಟ್ಟಿಗೆ ಭಟ್ಟಿಗಳ ಮಸಿ ಗಾಳಿಯಲ್ಲಿ ಬಂದು ಹಿಮದ ಮೇಲೆ ಕೂರುತ್ತದೆ, ಮಸಿ ಕೂತ ಹಿಮ ಬಿಸಿಲನ್ನು ಹೀರಿ ಬೇಗ ಕರಗುತ್ತದೆ. ಹಿಮದ ಮೇಲೆ ಬೆರಳು ಎಳೆದು ತೋರಿಸಿದಳು, ಬೆರಳು ಕಪ್ಪಾಗಿತ್ತು.

"ನಮ್ಮ ಪಾಲು ಇದರಲ್ಲಿ ಎಷ್ಟು?" ಎಂದೆ.

"ಒಂದು ಚಮಚನೂ ಇಲ್ಲ ಅಪೋ."

"ಮತ್ತೆ ಹೊಲ ಹೋಗಿದ್ದು ನಮ್ದು?"

"ಅದನ್ನ ಅವರ ಮುಂದೆ ಕೇಳೋಕೆ ಅಂತಲೇ ಅಳೀತಾ ಇದೀನಿ."

ಹಕೀಮಾ, ನಾನು ಕೊಡುವುದಿಲ್ಲ ಎಂದದ್ದು ಹಗೆಯಿಂದಲ್ಲ. ಕೊಡಬೇಕಾದ ಹೆಣ್ಣೇ ಹಾಸಿಗೆ ಹಿಡಿದಿದ್ದಾಳೆ. ಘಾಟಿಯ ದಾರಿಯೂ ಎರಡು ಕಡೆ ಕುಸಿದಿದೆ. ನೀನು ಬರಬೇಡ.

ರೋಜಿ ಅಲಿ

*

ತಂಗೋಲ್
6 ಸೆಪ್ಟೆಂಬರ್ 2004

ಅಣ್ಣನಿಗೆ ಸಲಾಂ.

ನಿನ್ನ ಹೊಲಗಳ ಸುದ್ದಿ ಓದಿ ಸಂಕಟವಾಯಿತು. ಬಂಡೆಯ ಮಾತು ಓದಿ ಅತ್ತೆ. ಅತ್ತು ಮುಗಿಸಿ ಕಾಗದ ತೆಗೆದುಕೊಂಡೆ.

ನಿಮಗೆ ನೀರು ಹೆಚ್ಚಾಗಿ ಹೊಲ ಹೋಯಿತು, ನಮಗೆ ನೀರಿಲ್ಲದೆ ಹೋಗುತ್ತಿದೆ. ರೋಗ ಒಂದೇ. ಹಾಗಿದ್ದ ಮೇಲೆ ನೀನು ಹೆಣ್ಣನ್ನು ಮನೆಯೊಳಗೇ ಬಚ್ಚಿಟ್ಟುಕೊಂಡರೆ ಅವಳೇನು ಬದುಕುತ್ತಾಳೆಯೇ? ನಮ್ಮ ಬೆಟ್ಟದ ಬೆನ್ನಿಗೆ ಬಿಸಿಲು ತಾಗದ ಒಂದು ಬಿರುಕಿದೆ, ನಿಮ್ಮ ಹಿಮಕ್ಕಿಂತ ಎಷ್ಟೋ ಎತ್ತರದಲ್ಲಿ. ಕಳೆದ ಸಲ ಬಿತ್ತಿದ್ದು ಅಲ್ಲಲ್ಲ, ಅದರ ಕೆಳಗೆ. ಜೂನ್, ಜುಲೈ ಎರಡೂ ತಿಂಗಳು ನಾನೂ ಶಿರೀನೂ ಅಲ್ಲಿಗೆ ಹತ್ತಿ ನೋಡಿದೆವು. ಜುಲೈನಲ್ಲೂ ಅಲ್ಲಿ ಕೈ ಮರಗಟ್ಟುತ್ತದೆ.

ಎಂಟು ಜನ ಹೊರುವವರು ಬೇಕು. ಐದು ಜನ ಗಂಡಸರು ಸಿಕ್ಕಿದ್ದಾರೆ. ಉಳಿದವರು "ತಾಖಿಯ ಮನೆಯವರ ಜೊತೆ ಬರೋಲ್ಲ" ಎಂದರು. ಉಳಿದ ಮೂರು ಬುಟ್ಟಿಗೆ ನಾನು, ಶಿರೀನ್, ಹಾಜಿ ಮುಹ್ಸಿನನ ಸೊಸೆ. ಹಾಜಿಗೆ ಗೊತ್ತಾದಾಗ ಅವನ ಗಡ್ಡ ನಡುಗಿತಂತೆ. ನಡುಗಲಿ.

ಆ ಹುಡುಗಿಯನ್ನು ನನಗಾಗಿ ಒಂದು ಮಾತು ಕೇಳು. ಬುಟ್ಟಿ ಒಂದು ಸಲ ನೆಲಕ್ಕೆ ತಾಗಿದರೆ ಹಿಮ ಸಾಯುತ್ತದೆಯೇ? ಅವಳ ಕೋಲು ಏನು ಹೇಳುತ್ತದೆ? ನನಗೆ ಮುಲಾಜಿನ ಉತ್ತರ ಬೇಡ. ತಾಖಿಯಿಂದಲೇ ಹೋಯಿತು ಎಂದಾದರೆ ಹಾಗೆಯೇ ಬರೆ, ಅದನ್ನೂ ಹೊತ್ತುಕೊಂಡೇ ಘಾಟಿ ಹತ್ತುತ್ತೇನೆ.

ಹಕೀಮಾ

*

ಬ್ರಕ್ಚನ್
22 ಸೆಪ್ಟೆಂಬರ್ 2004

ಹಕೀಮಾ,

ಇದನ್ನು ನೀನು ಒಬ್ಬಳೇ ಇರುವಾಗ ಓದು. ಜೊತೆಯಲ್ಲಿ ಇನ್ನೊಂದು ಹಾಳೆ ಇದೆ, ಅದು ಎಲ್ಲರಿಗೆ.

ನಿನ್ನ ಪ್ರಶ್ನೆಯನ್ನು ಮರ್ಜಿಯಾಳಿಗೆ ಕೇಳಿದೆ. ಅವಳು ತಿರುಗಿ ನನ್ನನ್ನೇ ಕೇಳಿದಳು, "ಆ ಆರು ವರ್ಷ ನಿಮ್ಮ ಹಿಮ ಹೇಗಿತ್ತು?" ನಾನು ಪ್ರತಿ ಶರತ್ಕಾಲ ಹಿಮದ ಅಂಚು ಎಲ್ಲಿದೆಯೋ ಅಲ್ಲಿನ ಬಂಡೆಯ ಮೇಲೆ ಒಂದು ಗೀಟು ಕೆತ್ತುತ್ತೇನೆ, ಅಪ್ಪನೂ ಕೆತ್ತುತ್ತಿದ್ದ. ಇಬ್ಬರೂ ಹೋಗಿ ಹೆಜ್ಜೆ ಹಾಕಿ ಎಣಿಸಿದೆವು. ಅಪ್ಪನ ಕಾಲದ ಗೀಟುಗಳು ಒಂದರ ಪಕ್ಕ ಒಂದಿವೆ. ಎಂಬತ್ತೊಂಬತ್ತರಿಂದ ತೊಂಬತ್ತೈದರ ಒಳಗೆ ನಮ್ಮ ಹಿಮ ನೂರಾ ನಲವತ್ತು ಹೆಜ್ಜೆ ಹಿಂದೆ ಸರಿದಿದೆ. ಆ ವರ್ಷಗಳಲ್ಲಿ ಚಳಿಗಾಲದ ಹಿಮವೂ ಸರಿಯಾಗಿ ಬೀಳಲಿಲ್ಲ, ನನಗೂ ನೆನಪಿದೆ. ಮರ್ಜಿಯಾ ಹೇಳಿದಳು, "ಅಪೋ, ಈ ದೊಡ್ಡ ಹಿಮನದೀನ ಯಾರು ಬುಟ್ಟಿಯಿಂದ ಇಳಿಸಿದ್ರು? ಇದೇ ತಡ್ಕೊಳ್ಲಿಲ್ಲ, ಒಂದು ಬುಟ್ಟಿ ಹಿಮ ಹೇಗೆ ತಡ್ಕೊಳ್ಳುತ್ತೆ?"

ಹದಿನೈದು ವರ್ಷ ಆ ಗೀಟುಗಳನ್ನು ನನ್ನ ಕೈಯಲ್ಲೇ ಕೆತ್ತಿದ್ದೇನೆ. ಒಮ್ಮೆಯೂ ಕೂಡಿ ನೋಡಲಿಲ್ಲ. ಯಾಕೆಂದರೆ ತಪ್ಪು ಯಾರದು ಎಂದು ನನಗೆ ಮೊದಲೇ ಗೊತ್ತಿತ್ತು, ಅಥವಾ ಹಾಗೆಂದುಕೊಂಡಿದ್ದೆ. ಅದು ತಾಖಿಯದಲ್ಲ.

ಅವತ್ತು ಘಾಟಿ ಇಳಿಯುವಾಗ ಎಲ್ಲರೂ ತಿರುವು ದಾಟಿದ್ದರು. ಹಿಂದೆ ಉಳಿದವರು ನಾವಿಬ್ಬರೇ. ಹಳದಿ ಬಂಡೆಯ ಹತ್ತಿರ ಜಾರುಗಲ್ಲಿನ ಮೇಲೆ ನನ್ನ ಕಾಲು ಹೋಯಿತು. ಸೊಂಟದವರೆಗೆ ಪ್ರಪಾತದಲ್ಲಿ, ಕೈಯಲ್ಲಿ ಒಂದು ಕಲ್ಲಿನ ಅಂಚು. ನಾನು ಕೂಗಿದೆ. "ತಾಖಿ!" ಎಂದು ಪ್ರಾಣ ಹೋಗುವ ಹಾಗೆ ಕೂಗಿದೆ. ಮೌನ ಮುರಿದವನು ನಾನು, ಹಿಮ ಕಾಯುವವನು. ಬೆನ್ನಿನ ಮೇಲೆ ಬುಟ್ಟಿಯಿಟ್ಟುಕೊಂಡು ಅಷ್ಟು ಬಗ್ಗಲು ಆಗುವುದಿಲ್ಲ. ಅವನು ಒಂದು ಗಳಿಗೆಯೂ ಯೋಚಿಸಲಿಲ್ಲ. ಬುಟ್ಟಿ ಇಳಿಸಿ, ಹೊಟ್ಟೆಯ ಮೇಲೆ ಮಲಗಿ, ನನ್ನ ತೋಳು ಹಿಡಿದು ಎಳೆದ. ಗಾಳಿ ಜೋರಾಗಿತ್ತು, ನನ್ನ ಕೂಗು ಮುಂದಿನವರಿಗೆ ಕೇಳಿಸಲಿಲ್ಲ. ಅವರು ತಿರುಗಿ ಬಂದಾಗ ಕಂಡದ್ದು ನೆಲದ ಮೇಲಿದ್ದ ಬುಟ್ಟಿ, ಪಕ್ಕದಲ್ಲಿ ಏದುಸಿರು ಬಿಡುತ್ತಿದ್ದ ತಾಖಿ.

ಬಿತ್ತಿ ಮುಗಿದು ಮಾತು ಬಿಚ್ಚಿದಾಗ ಹಿರಿಯರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವನು, "ಬೆನ್ನು ಸೋತ್ಹೋಯ್ತು, ಇಳಿಸಿಬಿಟ್ಟೆ" ಎಂದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದ. "ಒಂದು ತಪ್ಪಿಗೆ ಒಬ್ಬ ಸಾಕು. ನೀನು ಹಿಮ ಕಾಯೋನು, ನಿನ್ನ ಮಾತು ಊರಲ್ಲಿ ನಡೀಬೇಕು. ನಾನು ನಾಳೆ ಹೊಲಕ್ಕೆ ಹೋಗೋನು, ನನಗೇನು?" ಒಂದೆರಡು ತಿಂಗಳ ಮಾತು ಎಂದುಕೊಂಡಿದ್ದೆವು. ಹಿಮ ಹಿಡಿದುಕೊಂಡರೆ ಎಲ್ಲರೂ ಮರೆಯುತ್ತಾರೆ ಎಂದುಕೊಂಡಿದ್ದೆವು. ಹಿಡಿಯಲಿಲ್ಲ. ಆಮೇಲೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಬೆಣ್ಣೆ ನೋಡುತ್ತಾ ಕೂತಿದ್ದೆ ಎಂದು ಬರೆದಿದ್ದೀಯಲ್ಲ, ಅದು ನಿಜ. ಅವನ ಮಣ್ಣಿಗೆ ಬರಲಿಲ್ಲ, ಅವನ ಮುಖ ನೋಡುವ ಮುಖ ನನಗಿರಲಿಲ್ಲ. ನೀನು ಹಿಮ ಕೇಳಿದಾಗ ಅದೇ ದಾರಿ, ಅದೇ ಹಳದಿ ಬಂಡೆ ಕಣ್ಣಿಗೆ ಬಂತು. ಅದಕ್ಕೇ ಪದ್ಧತಿ ಎಂದೆ.

ಹವೆ ಕೆಟ್ಟದ್ದು ನನ್ನ ತಪ್ಪಲ್ಲ, ತಾಖಿಯದೂ ಅಲ್ಲ. ಸುಮ್ಮನಿದ್ದದ್ದು ಮಾತ್ರ ಪೂರ್ತಿ ನನ್ನದು.

ನಿನ್ನೆ ಇದೆಲ್ಲವನ್ನೂ ನಮ್ಮ ಸಭೆಯಲ್ಲಿ ನಿಂತು ಹೇಳಿದೆ. ಹಿಮ ಕಾಯುವ ಕೋಲನ್ನು ಅವರ ಮುಂದಿಟ್ಟೆ. ತೆಗೆದುಕೊಂಡು ಚಿಕ್ಕಪ್ಪನ ಮಗನಿಗೆ ಕೊಟ್ಟರು. ಸರಿಯಾಗಿಯೇ ಮಾಡಿದರು. ಕೋಲು ಕೊಡುವ ಮೊದಲು ನಾನು ಕೊನೆಯದಾಗಿ ಒಂದು ಮಾತು ನಡೆಸಿಕೊಂಡೆ: ಹಿಮ ತಂಗೋಲಿಗೆ ಹೋಗುತ್ತದೆ.

ಇನ್ನೊಂದು ಹಾಳೆಯನ್ನು ನಿಮ್ಮ ಮಸೀದಿಯ ಆಖುಂದರ ಕೈಗೆ ಕೊಡು. ಶುಕ್ರವಾರ ನಮಾಜು ಮುಗಿದ ಮೇಲೆ ಅಂಗಳದಲ್ಲಿ ಗಟ್ಟಿಯಾಗಿ ಓದಲಿ. ಅಕ್ಟೋಬರ್ ಇಪ್ಪತ್ತಕ್ಕೆ ನಾವು ಹಿಮ ಹೊತ್ತು ಘಾಟಿಯ ತುದಿಗೆ ಬರುತ್ತೇವೆ. ಕುಸಿದ ಕಡೆ ನಾವು ದಾರಿ ಕಡಿಯುತ್ತೇವೆ, ನೀವು ಆ ಕಡೆಯಿಂದ ಹತ್ತಿ ಬನ್ನಿ.

ರೋಜಿ ಅಲಿ

*

ತಂಗೋಲ್
2 ನವೆಂಬರ್ 2004

ಅಣ್ಣನಿಗೆ ಸಲಾಂ.

ನೀನು ಕ್ಷೇಮವಾಗಿ ಮುಟ್ಟಿದೆ ಎಂದು ಫಿದಾ ಹೇಳಿದ. ಘಾಟಿಯಲ್ಲಿ ಈಗ ನಿಜವಾಗಿಯೂ ಹಿಮ ಬಿದ್ದಿದೆ, ಈ ಸಲ ನಾನು ನಂಬುತ್ತೇನೆ.

ಎರಡೂ ಊರು ಸೇರಿ ಹದಿನಾರು ಜನ ಇದ್ದ ಆ ಎರಡು ದಿನ ನಿನ್ನ ಪಕ್ಕದಲ್ಲೇ ನಡೆದೆ. ಒಂಬತ್ತು ವರ್ಷವಾದ ಮೇಲೆ ನೋಡಿದ ಅಣ್ಣ, ಗಡ್ಡ ಬೆಳ್ಳಗಾಗಿದೆ, ಒಂದು ಹಲ್ಲಿಲ್ಲ. ಒಂದು ಮಾತಾಡುವ ಹಾಗಿಲ್ಲ! ಮಾತಾಡಲು ಬಿಟ್ಟಿದ್ದರೆ ಘಾಟಿಯ ತುದಿಯಲ್ಲೇ ನಿನ್ನನ್ನು ಜನ್ಮ ಜಾಲಾಡುತ್ತಿದ್ದೆ. ಬಿತ್ತಿ ಮುಗಿಯುವ ಹೊತ್ತಿಗೆ ಮೋಡ ಕಟ್ಟಿತು, ನೀವು ಓಡಿದಿರಿ. ಹೇಳದೆ ಉಳಿದದ್ದನ್ನು ಈಗ ಬರೆಯುತ್ತಿದ್ದೇನೆ.

ನಿನ್ನ ಮೇಲೆ ಸಿಟ್ಟಿದೆ. ಅದು ಬೇಗ ಹೋಗುವುದಿಲ್ಲ, ನೀನೂ ಬೇಗ ಹೋಗಲಿ ಎಂದು ಕಾಯಬೇಡ. ನಿನ್ನ ಮೇಲಿರುವಷ್ಟೇ ಸಿಟ್ಟು ತಾಖಿಯ ಮೇಲೂ ಇದೆ. ಹನ್ನೆರಡು ವರ್ಷ ನನ್ನ ಕೈಯ ರೊಟ್ಟಿ ತಿಂದವನು ನನಗೂ ಹೇಳಲಿಲ್ಲ. ನೀವಿಬ್ಬರು ಸೇರಿ ಒಂದು ಮಾತು ಉಳಿಸಿಕೊಂಡಿರಿ, ಆ ಮಾತಿನ ಭಾರ ಹೊತ್ತವಳು ನಾನು.

ಆಖುಂದರು ಹಾಳೆ ಓದಿದರು. ಓದಿ ಮುಗಿದ ಮೇಲೆ ಅಂಗಳದಲ್ಲಿ ಯಾರೂ ಏಳಲಿಲ್ಲ. ಹಾಜಿ ಮುಹ್ಸಿನ್ ಮಾತ್ರ ಗೋಡೆ ಹಿಡಿದು ಎದ್ದ.

"ಹದಿನೈದು ವರ್ಷ ನಾನು ಯಾರನ್ನ ಬೈತಾ ಇದ್ದೆ?" ಎಂದ.

ಹೆಂಗಸರ ಸಾಲಿನವರೆಗೆ ನಡೆದು ಬಂದು ನನ್ನ ಎದುರು ನಿಂತ.

"ನನಗೊಂದು ಬುಟ್ಟಿ ಕೊಡು ಹಕೀಮಾ."

"ನಿಮ್ಮ ಮಂಡಿ ಹಾಜೀ?"

"ಮಂಡಿ ನಂದು. ನಿನಗ್ಯಾಕೆ ಅದರ ಚಿಂತೆ?"

ಅದಕ್ಕೇ ನೀನು ಘಾಟಿಯಲ್ಲಿ ನೋಡಿದ್ದು ಎಂಟು ಬುಟ್ಟಿಗೆ ಹನ್ನೊಂದು ಜನ. ಬರುವುದಿಲ್ಲ ಎಂದವರೆಲ್ಲ ಬಂದರು. ಹಾಗಂತ ನಾವು ಹೆಂಗಸರು ಬುಟ್ಟಿ ಬಿಟ್ಟುಕೊಡಲಿಲ್ಲ. ಹಾಜಿಗೆ ಸಿಕ್ಕಿದ್ದು ಇದ್ದಿಲು ಮತ್ತು ಹೊಟ್ಟಿನ ಬುಟ್ಟಿ. ಅವನು ಗೊಣಗುವ ಹಾಗೂ ಇರಲಿಲ್ಲವಲ್ಲ, ಬಾಯಿ ಮುಚ್ಚಿಕೊಂಡು ಹೊತ್ತ.

ಹಳದಿ ಬಂಡೆಯ ಹತ್ತಿರ ನೀನು ನಿಂತೆ. ಒಂದು ಕಲ್ಲಿನ ಅಂಚನ್ನು ಮುಟ್ಟಿ ತೋರಿಸಿದೆ, ಆಮೇಲೆ ಅದರ ಪಕ್ಕದ ಅಂಗೈ ಅಗಲದ ನೆಲವನ್ನು ತೋರಿಸಿದೆ. ಬುಟ್ಟಿ ಇಟ್ಟ ಜಾಗ. ನಿನ್ನ ಕಣ್ಣಿನಲ್ಲಿ ನೀರು ಬರುತ್ತಿತ್ತು. ಇಷ್ಟು ಸಣ್ಣ ಜಾಗವೇ ಎಂದು ನನಗೆ ಅನ್ನಿಸಿತು. ನಾನು ನನ್ನ ಬುಟ್ಟಿಯನ್ನು ಹಿಂದಿದ್ದವರಿಗೆ ಕೊಟ್ಟು ನಿನ್ನ ಬೆನ್ನಿನ ಬುಟ್ಟಿಯನ್ನು ನನ್ನ ಬೆನ್ನಿಗೆ ದಾಟಿಸಿಕೊಂಡದ್ದು ಕರುಣೆಯಿಂದ ಎಂದು ತಿಳಿಯಬೇಡ. ನಿನ್ನ ಕಾಲು ನಡುಗುತ್ತಿತ್ತು, ಹಿಮ ಬೀಳಬಾರದಿತ್ತು. ಆಮೇಲೆ ಅಲ್ಲಿಂದ ಬಿರುಕಿನವರೆಗೆ ನಾನೇ ಹೊತ್ತೆ. ಬೆನ್ನು ಒದ್ದೆಯಾಗಿ ಮರಗಟ್ಟಿತು. ತಾಖಿ ಇದೇ ಚಳಿಯನ್ನು ಹೊತ್ತಿದ್ದ ಎಂದುಕೊಂಡು ನಡೆದೆ.

ಗಂಡು ಹೆಣ್ಣು ಹಿಮ ಎರಡನ್ನೂ ಒಟ್ಟಿಗೆ ಇಟ್ಟು, ಇದ್ದಿಲು, ಹೊಟ್ಟು ಹಾಕಿ, ಎರಡೂ ಊರಿನ ಹೊಳೆ ನೀರಿನ ಸೋರೆಬುರುಡೆ ಇಟ್ಟು ಕಲ್ಲು ಮುಚ್ಚಿದೆವು. ನೀವು ಹೋದ ಮೇಲೆ ಮೂರು ದಿನ ಹಿಮ ಬಿತ್ತು. ನವ್ರೋಜ್ ಆದ ಮೇಲೆ ಯಾರೂ ಇಳಿಯುವುದಿಲ್ಲ. ಸಭೆಯಲ್ಲಿ ತೀರ್ಮಾನವಾಗಿದೆ.

ಹಕೀಮಾ

*

ಬ್ರಕ್ಚನ್
12 ಆಗಸ್ಟ್ 2018

ತಂಗಿ ಹಕೀಮಾಳಿಗೆ ರೋಜಿ ಅಲಿಯ ಸಲಾಂ.

ಈಗ ಎರಡೂ ಊರಿನಲ್ಲಿ ಫೋನಿದೆ, ನೀನು ದಿನ ಬಿಟ್ಟು ದಿನ ಬೈಯುತ್ತೀಯ. ಶಿರೀನಳ ಮದುವೆಗೆ, ಅವಳ ಮಗುವಿಗೆ ಹೆಸರಿಡುವಾಗ ನಾನು ತಂಗೋಲಿಗೆ ಬಂದು ಉಂಡೂ ಹೋಗಿದ್ದೇನೆ. ಆದರೂ ಇದನ್ನು ಫೋನಿನಲ್ಲಿ ಕೇಳಬಾರದು, ಅದಕ್ಕೇ ಕಾಗದ. ಫಿದಾನ ಮಗ ತರುತ್ತಾನೆ. ಚಹಾ ಕೊಡು.

ನಮ್ಮ ಹಿಮನದಿ ಬೆಟ್ಟದ ಮೂಲೆಯ ಹಿಂದೆ ಹೋಗಿ ಮರೆಯಾಯಿತು. ಊರಿನಿಂದ ಈಗ ಕಾಣುವುದಿಲ್ಲ. ಮರ್ಜಿಯಾ ಈಗ ದೊಡ್ಡ ಮೇಡಂ, ದೂರದ ದೇಶಗಳ ಸಭೆಗಳಲ್ಲಿ ನನ್ನ ಗೀಟುಗಳ ಫೋಟೋ ತೋರಿಸುತ್ತಾಳಂತೆ. ಅವರು ನೋಡಿ ತಲೆಯಾಡಿಸುತ್ತಾರಂತೆ. ಹೊಳೆ ಒಂದು ವರ್ಷ ಉಕ್ಕುತ್ತದೆ, ಒಂದು ವರ್ಷ ಒಣಗುತ್ತದೆ. ಈ ಬೇಸಿಗೆ ಮೊದಲ ಬಾರಿ ನಮ್ಮೂರಿನಲ್ಲಿ ನೀರಿನ ಸರದಿಗಾಗಿ ಕೈ ಕೈ ಮಿಲಾಯಿಸಿದರು.

ನಮ್ಮ ಬೆಟ್ಟದ ಮೇಲ್ಗಡೆಯೂ ಒಂದು ನೆರಳಿನ ಬಿರುಕು ಹುಡುಕಿದ್ದೇವೆ. ಗಂಡು ಹಿಮ ಪಕ್ಕದ ಕಣಿವೆಯವರು ಕೊಡುತ್ತಾರೆ. ಹೆಣ್ಣು ಬೇಕು. ನಮ್ಮ ಮನೆಯ ಮಗಳು ನಿಮ್ಮಲ್ಲಿ ಬೆಳೆದಿದ್ದಾಳೆ ಎಂದು ಕೇಳಿದ್ದೇನೆ. ಒಂದು ಬುಟ್ಟಿ ಕೊಡುತ್ತೀರಾ?

ನಿನ್ನ ಆಣೆ ನನಗೆ ನೆನಪಿದೆ. ನೀನು ಬರಬೇಕೆಂದು ಕೇಳುತ್ತಿಲ್ಲ.

ರೋಜಿ ಅಲಿ

*

ತಂಗೋಲ್
19 ಆಗಸ್ಟ್ 2018

ಅಣ್ಣನಿಗೆ ಸಲಾಂ.

ಒಮ್ಮೆ ಕೊಟ್ಟ ಹೆಣ್ಣನ್ನು ವಾಪಸು ಕೇಳುವ ಪದ್ಧತಿ ನಮ್ಮಲ್ಲಿಲ್ಲ ಎಂದು ಬರೆಯೋಣ ಎನ್ನಿಸಿತು. ಹಿರಿಯರನ್ನು ವಿಚಾರಿಸಬೇಕು ಎಂದೂ ಬರೆಯಬಹುದಿತ್ತು. ಹದಿನಾಲ್ಕು ವರ್ಷದಿಂದ ಆ ಮಾತನ್ನು ಬಾಯಲ್ಲಿ ಇಟ್ಟುಕೊಂಡಿದ್ದೆ. ಬಿಡು, ಈಗ ಆಸೆ ತೀರಿತು.

ನಿನ್ನೆ ಬಿರುಕಿನವರೆಗೆ ಹತ್ತಿದೆ. ನನ್ನ ಮಂಡಿಯೂ ಈಗ ಹಾಜಿ ಮುಹ್ಸಿನನ ಮಂಡಿಯಂತಾಗಿದೆ, ಅವನು ಬದುಕಿದ್ದರೆ ನಗುತ್ತಿದ್ದ. ನಮ್ಮವಳು ದೊಡ್ಡವಳೇನಲ್ಲ. ಎರಡು ಕಣದಷ್ಟು ಅಗಲ ಇದ್ದಾಳೆ, ಕಲ್ಲಿನ ಕೆಳಗೆ ಎಷ್ಟಿದ್ದಾಳೋ ಗೊತ್ತಿಲ್ಲ. ಬೆಳ್ಳಗಿದ್ದಾಳೆ, ಆಗಸ್ಟಿನಲ್ಲೂ ನೀರು ಬಿಡುತ್ತಿದ್ದಾಳೆ. ಮೇಲಿನ ಕಾಲುವೆಯಲ್ಲಿ ಕೈ ಮುಳುಗುವಷ್ಟು ನೀರಿದೆ, ಮೊಣಕಾಲಿನವರೆಗೆ ಇಲ್ಲ. ಇಪ್ಪತ್ತಾರು ಮನೆಗಳಲ್ಲಿ ಒಲೆ ಉರಿಯುತ್ತಿದೆ. ಇಳಿದು ಹೋದವರಲ್ಲಿ ಎರಡು ಮನೆಯವರು ವಾಪಸು ಬಂದರು. ಇಷ್ಟು ಸಾಲದು ಎಂದು ನನಗೆ ಗೊತ್ತು. ಆ ದೂರದವರು ಹೊಗೆ ನಿಲ್ಲಿಸದಿದ್ದರೆ ಇವಳೂ ಒಂದು ದಿನ ಬಿರುಕಿನ ಒಳಗೆ ಹೋಗುತ್ತಾಳೆ. ಮರ್ಜಿಯಾಳಿಗೆ ಹೇಳು, ತಲೆಯಾಡಿಸುವವರನ್ನು ಒಮ್ಮೆ ಇಲ್ಲಿಗೆ ಕರೆದುಕೊಂಡು ಬರಲಿ. ಒಬ್ಬೊಬ್ಬರ ಬೆನ್ನಿಗೂ ಒಂದೊಂದು ಬುಟ್ಟಿ ಹಾಕುತ್ತೇನೆ.

ಅಲ್ಲಿಯವರೆಗೆ ನಾವು ಬಿತ್ತುತ್ತಿರೋಣ. ಸಭೆ ಒಪ್ಪಿದೆ. ಯಾರೂ ಒಂದು ಮಾತು ಎದುರಾಡಲಿಲ್ಲ. ಅಕ್ಟೋಬರ್ ಇಪ್ಪತ್ತಕ್ಕೆ ನಿಮ್ಮವರು ಘಾಟಿಯ ತುದಿಗೆ ಬರಲಿ. ನೀನು ಹೊರಬೇಡ, ನಿನ್ನ ವಯಸ್ಸಿಗೆ ಕೋಲು ಹಿಡಿದು ನಡೆದರೆ ಸಾಕು. ಮೊದಲ ಬುಟ್ಟಿ ಶಿರೀನಳದು. ಹಳದಿ ಬಂಡೆಯ ಹತ್ತಿರ ನಾಲ್ಕು ಜನ ಹಗ್ಗ ಹಿಡಿದು ನಿಲ್ಲುತ್ತಾರೆ, ಯಾರಾದರೂ ಜಾರಿದರೆ ಧಾರಾಳವಾಗಿ ಕೂಗಲಿ ಎಂದು ನಾನೇ ಅಂಗಳದಲ್ಲಿ ಹೇಳಿದ್ದೇನೆ.

ಹೆಣ್ಣಿನ ಕಡೆಯವರು ಒಬ್ಬರು ಜೊತೆಗೆ ಹೋಗಲೇಬೇಕು. ಆ ಕಡೆಯವಳು ನಾನೇ. ಬಿತ್ತುವವರೆಗೆ ತುಟಿ ಬಿಚ್ಚುವುದಿಲ್ಲ. ಬಿತ್ತಿ ಮುಗಿದ ಮೇಲೆ ಮೋಡ ಕಟ್ಟಲಿ, ಹಿಮ ಬೀಳಲಿ, ನಾನು ಓಡಿ ಬರುವುದಿಲ್ಲ. ಅಮ್ಮನ ಒಲೆ ಹೊತ್ತಿಸಿ ಉಪ್ಪು ಚಹಾಕ್ಕೆ ದೊಡ್ಡ ಪಾತ್ರೆ ಇಡು. ಹೊಸ್ತಿಲ ಹತ್ತಿರ ನಿಂತು ಕಾಯುತ್ತಿರು, ನಾನು ಒಳಗೆ ಬರುತ್ತೇನೆ.

ಹಕೀಮಾ